ಮಾಳಿಗಿ ಸೋರುವ ಪದಕ್ಕೆ ಗಿಟಾರಿನ ಜೊತೆ

ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಒಂದು ಹಾಡಿನ ಕುರಿತು. ಆ ಹಾಡು ನಿಮಗೆಲ್ಲ ಗೊತ್ತಿರುವಂಥದ್ದೇ. ಸಂತ ಶಿಶುನಾಳ ಶರೀಫರ 'ಸೋರುತಿಹುದು ಮನಿಯ ಮಾಳಿಗಿ'. ಈ ತತ್ವಪದ ಭಜನೆಯ ಜಮಖಾನೆಯಿಂದ ಎದ್ದು ಕ್ಯಾಸೆಟ್ಟಿಗೆ ಬಂದು, ಕೊನೆಗೆ ಗಿಟಾರಿನ ಜೊತೆ ಪಾಪ್ ಹಾಡಾಗಿ ಮೊಬೈಲಿನೊಳಗೆ ಕುಳಿತದ್ದು ಹೇಗೆ? ಜನ ಅದನ್ನು ಹೇಗೆ ಬರಮಾಡಿಕೊಂಡರು? ಈ ಪಯಣದಲ್ಲಿ ನಾವು ಗಳಿಸಿದ್ದೇನು, ಕಳೆದುಕೊಳ್ಳಬಹುದಾದದ್ದೇನು? ಇಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಹಾಡಿನ ನೆಲವನ್ನು ನೋಡೋಣ. ಸವದತ್ತಿ ಸೀಮೆಯಲ್ಲಿ ಮಲಪ್ರಭೆಯ ದಂಡೆಗೆ ನಮ್ಮ ಊರಿದೆ. ಕಾಗದಪತ್ರದಲ್ಲಿ ಅದು ಮುನವಳ್ಳಿ, ಜನರ ಬಾಯಲ್ಲಿ ಮನೋಳಿ. ಈ ಭಾಗದಲ್ಲಿ 'ಮಾಳಿಗಿ' ಎಂದರೆ ಮಹಡಿ ಅಲ್ಲ. ತೊಲೆ, ಜಂತಿಗಳ ಮೇಲೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿದ ಮಣ್ಣಿನ ಮೇಲ್ಮುದ್ದಿ ಅದು. ಅಂಥ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಮೇಲೆ ಹತ್ತಬೇಕು, ಹುಲ್ಲು ಕೀಳಬೇಕು, ಬಿರುಕು ಬಿಟ್ಟಲ್ಲಿ ಹೊಸ ಮಣ್ಣು ಹೊತ್ತು ಹಾಕಬೇಕು. ಒಂದು ವರ್ಷ ಮೈಗಳ್ಳತನ ಮಾಡಿದರೆ ಆ ವರ್ಷವೇ ಮನೆಯೊಳಗೆ ನೀರು. ಹಾಸಿಗೆ ಎತ್ತಿ, ಪಾತ್ರೆ ಇಟ್ಟು, ದೀಪ ಹಿಡಿದು ರಾತ್ರಿ ಕಳೆದವರಿಗೆ ಈ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಬಂದಾಗ ನದೀತೀರದ ಊರುಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಆಗಂತೂ ಈ ಹಾಡು ಬರೀ ವೇದಾಂತವಾಗಿ ಕೇಳಿಸಲಿಲ್ಲ.

ಶರೀಫರು ಮಾಡಿದ್ದು ಇದನ್ನೇ. ಅವರು 1819ರಲ್ಲಿ ಶಿಶುನಾಳದಲ್ಲಿ ಹುಟ್ಟಿದರು. ಈಗ ಅದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿಗೆ ಸೇರಿದೆ. ಹುಟ್ಟಿನಿಂದ ಮುಸಲ್ಮಾನರು, ಕಳಸದ ಗೋವಿಂದಭಟ್ಟರ ಶಿಷ್ಯರು, ಕೆಲಕಾಲ ಶಾಲೆಯ ಮಾಸ್ತರರೂ ಆಗಿದ್ದವರು. 1889ರಲ್ಲಿ ತೀರಿಕೊಂಡರು. ಕಣ್ಣಿಗೆ ಬಿದ್ದ ಸಾಮಾನನ್ನೇ ಅವರು ಪದ ಮಾಡಿದರು. ಸೇದುವ ಗುಡುಗುಡಿ, ಸೋರುವ ಮಾಳಿಗಿ, ನೇಯುವ ಸೀರೆ ಎಲ್ಲವೂ ಅವರ ಕೈಯಲ್ಲಿ ಮನುಷ್ಯನ ಒಳಗಿನ ಮಾತಾದವು. ಹೊರಗಿನ ಮಾಳಿಗಿ ಗೊತ್ತಿದ್ದವನಿಗೇ ಒಳಗಿನ ಮಾಳಿಗಿ ಹೊಳೆಯುತ್ತದೆ. ಆದ್ದರಿಂದ ಇಂಥ ಪದದಲ್ಲಿ ಮಾತು ಕೇಳಿಸುವುದು ಮೊದಲ ಕೆಲಸ, ರಾಗದ ಬೆಡಗು ಆಮೇಲಿನದು.

ಭಜನೆಯವರು ಇದನ್ನು ಚೆನ್ನಾಗಿ ಬಲ್ಲರು. ಏಕತಾರಿ, ದಮ್ಮಡಿ, ತಾಳ, ಆಮೇಲೆ ಬಂದ ಪೇಟಿ. ಇಷ್ಟೇ ಅವರ ಪರಿಕರ. ಏಕತಾರಿಗೆ ಇರುವುದೊಂದೇ ತಂತಿ. ಅದು ಶ್ರುತಿ ಹಿಡಿದು ಕೊಡುತ್ತದೆಯೇ ಹೊರತು ಹಾಡುವವನ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಮುಂದಿನವರು ಒಂದು ಸಾಲು ಹಾಡುತ್ತಾರೆ, ಹಿಂದಿನವರು ಅದನ್ನು ಎತ್ತಿಕೊಳ್ಳುತ್ತಾರೆ. ಹೀಗೆ ಒಂದೇ ಮಾತು ಎರಡು ಸಲ, ಮೂರು ಸಲ ಕಿವಿಗೆ ಬೀಳುತ್ತದೆ. ನಿಧಾನವಾಗಿ ಶುರುವಾದ ಪದ ಬರಬರುತ್ತ ಏರುತ್ತದೆ. ಕೊನೆಯ ನುಡಿಯಲ್ಲಿ ಅಂಕಿತ ಬರುವ ಹೊತ್ತಿಗೆ ತಾಳ ಬಿರುಸಾಗಿರುತ್ತದೆ.

ಈ ಬಗೆಯ ಹಾಡಿಕೆಯನ್ನು ಊರಾಚೆಗೆ ಒಯ್ದವರಲ್ಲಿ ನಮ್ಮ ಸೀಮೆಯವರೇ ಒಬ್ಬರು ದೊಡ್ಡವರಿದ್ದಾರೆ. 1911ರಲ್ಲಿ ಜನಿಸಿದ, ಮುರಗೋಡದ ಹುಕ್ಕೇರಿ ಬಾಳಪ್ಪನವರು. ಸಾವಿರ ಹಾಡುಗಳ ಸರದಾರ ಎಂದು ನಾಡು ಅವರನ್ನು ಕರೆಯಿತು. ಸ್ವಾತಂತ್ರ್ಯ ಚಳವಳಿಯ ಸಭೆಗಳಿಂದ ಹಿಡಿದು 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯವರೆಗೆ ಅವರ ಕಂಠ ಕೇಳಿಸಿತು. 1992ರಲ್ಲಿ ಅವರು ನಮ್ಮನ್ನಗಲಿದರು. ವಾದ್ಯ ಕಡಿಮೆ, ಮಾತು ಸ್ಪಷ್ಟ ಎಂಬುದೇ ಅವರ ಹಾಡಿಕೆಯ ಗುಟ್ಟು.

ಮುಂದೆ ಕ್ಯಾಸೆಟ್ಟಿನ ಕಾಲ ಬಂತು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಮೂರು, ಮೂರೂವರೆ ನಿಮಿಷದ ಒಂದು ಹಾಡು. ಕ್ಯಾಸೆಟ್ಟು ಬಂದ ಮೇಲೆ ಎಂಟು ಹತ್ತು ಹಾಡುಗಳನ್ನು ಒಟ್ಟಿಗೆ ಕೊಡುವುದು ಸಾಧ್ಯವಾಯಿತು, ಬೆಲೆಯೂ ಇಳಿಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಹೊರಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ಟು ಎಂಬ ಹೆಸರು ಅದಕ್ಕಿದೆ. ಆ ದಾರಿಯಲ್ಲಿ ಸಿ. ಅಶ್ವಥ್ ಅವರು ಶರೀಫರ ಪದಗಳನ್ನು ಕೈಗೆತ್ತಿಕೊಂಡರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಚಲನಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವಥ್ ಅವರದು. ಹಳೇ ಮೈಸೂರಿನ ಕಡೆಯ ಮನೆಗಳಲ್ಲೂ ಅಡುಗೆ ಮಾಡುತ್ತ ಶರೀಫರ ಪದ ಗುನುಗುವಂತಾಯಿತು.

ಇನ್ನು ಗಿಟಾರಿನ ಮಾತಿಗೆ ಬರುತ್ತೇನೆ. ರಘು ದೀಕ್ಷಿತ್ ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ. 'ಅಂತರಾಗ್ನಿ' ಎಂಬ ತಂಡ ಕಟ್ಟಿದರು, ಅನೇಕ ವರ್ಷ ಧ್ವನಿಮುದ್ರಣ ಕಂಪನಿಗಳ ಬಾಗಿಲು ತಟ್ಟಿದರು. ಕೊನೆಗೆ ಹಿಂದಿ ಚಿತ್ರಸಂಗೀತದ ಜೋಡಿ ವಿಶಾಲ್ ಮತ್ತು ಶೇಖರ್ ತಮ್ಮದೇ ಸಂಸ್ಥೆಯಿಂದ ಅವರ ಮೊದಲ ಆಲ್ಬಂ ತಂದರು. ಅದು 2008ನೇ ಇಸವಿ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳು ಅದರಲ್ಲಿದ್ದವು. ಒಂದು 'ಗುಡುಗುಡಿಯ ಸೇದಿ ನೋಡೋ', ಇನ್ನೊಂದು ನಮ್ಮ ಮಾಳಿಗಿಯ ಪದ.

ಅಕೂಸ್ಟಿಕ್ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅದರ ಅರ್ಥ ಇಷ್ಟೇ: ವಾದ್ಯದ ನಾದ ವಿದ್ಯುತ್ತಿನಿಂದ ಹುಟ್ಟದೆ, ಅದರ ಮರದ ಟೊಳ್ಳು ಒಡಲಿನಿಂದಲೇ ಹುಟ್ಟಬೇಕು. ಏಕತಾರಿಯ ಬುರುಡೆ ಮಾಡುವ ಕೆಲಸವನ್ನೇ ಗಿಟಾರಿನ ಪೆಟ್ಟಿಗೆ ಮಾಡುತ್ತದೆ. ರಘು ಅವರ ತಂಡದಲ್ಲಿ ಬೇಸ್ ಗಿಟಾರು, ಡ್ರಮ್ಸ್‌ಗಳೂ ಇವೆ, ಆದ್ದರಿಂದ ಅವರ ಹಾಡನ್ನು ಪೂರಾ ಅಕೂಸ್ಟಿಕ್ ಎನ್ನಲಾಗದು. ಆದರೆ ಹಾಡಿನ ಬೆನ್ನೆಲುಬು ಅವರ ಕೈಯಲ್ಲಿರುವ ಮರದ ಗಿಟಾರು ಮತ್ತು ತೆರೆದ ಕಂಠ. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಅವರು ವೇದಿಕೆ ಹತ್ತಿದಾಗ ಆ ಗೆಜ್ಜೆಯೂ ತಾಳದ ವಾದ್ಯವೇ ಆಯಿತು.

ಇಲ್ಲಿ ಎರಡು ಇಕ್ಕಟ್ಟುಗಳನ್ನು ಗಮನಿಸಬೇಕು. ಗಿಟಾರಿಗೆ ಆರು ತಂತಿ. ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಅದು ಕಾರ್ಡ್. ಹಾಡಿನ ಕೆಳಗೆ ಕಾರ್ಡುಗಳನ್ನು ಹಾಸಿದಾಗ ಧಾಟಿಗೆ ಒಂದು ಚೌಕಟ್ಟು ಸಿಗುತ್ತದೆ, ಹೊಸ ಕಿವಿಗೆ ಅದು ಬೇಗ ಹಿಡಿಸುತ್ತದೆ. ಆದರೆ ನಮ್ಮ ಪದಗಾರರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ದಾರಿ ಆ ಚೌಕಟ್ಟಿನಲ್ಲಿ ಕಿರಿದಾಗುತ್ತದೆ. ಎರಡನೆಯದು ಲಯ. ಸ್ಟುಡಿಯೋದಲ್ಲಿ ಒಂದೊಂದು ವಾದ್ಯವನ್ನು ಬೇರೆಬೇರೆಯಾಗಿ ಮುದ್ರಿಸಿ ಕೂಡಿಸುವಾಗ ಎಲ್ಲರ ಕಿವಿಯಲ್ಲೂ ಒಂದು ಯಂತ್ರ ಟಿಕ್ ಟಿಕ್ ಎನ್ನುತ್ತಿರುತ್ತದೆ. ಆ ಯಂತ್ರಕ್ಕೆ ಭಜನೆಯಂತೆ ತಾನಾಗಿ ಏರುವುದು ಗೊತ್ತಿಲ್ಲ. ಏರಿಕೆಯನ್ನು ವಾದ್ಯ ಕೂಡಿಸಿ, ಧ್ವನಿ ಎತ್ತಿ ತೋರಿಸಬೇಕಾಗುತ್ತದೆ. ಯಾವ ವಾದ್ಯವನ್ನು ಎಲ್ಲಿ ಸುಮ್ಮನಿರಿಸಬೇಕು ಎಂಬ ಲೆಕ್ಕದಲ್ಲೇ ಇಂಥ ಹಾಡು ಗೆಲ್ಲುತ್ತದೆ, ಇಲ್ಲವೇ ಸೋಲುತ್ತದೆ.

ಜನ ಇದನ್ನು ಹೇಗೆ ಬರಮಾಡಿಕೊಂಡರು? ಬೆಂಗಳೂರು, ಮೈಸೂರಿನ ಕಾಲೇಜು ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಶರೀಫರ ಹೆಸರು ಕಿವಿಗೆ ಬಿದ್ದದ್ದೇ ಗಿಟಾರಿನ ಮೂಲಕ. 2010ರಲ್ಲಿ ಬ್ರಿಟನ್ನಿನಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ದೂರದರ್ಶನ ಕಾರ್ಯಕ್ರಮದಲ್ಲಿ ರಘು ಹಾಡಿದರು. ಅದರ ಬೆನ್ನಿಗೇ ಅವರ ಆಲ್ಬಂ ಅಲ್ಲಿನ ಐಟ್ಯೂನ್ಸ್ ಜಗತ್ ಸಂಗೀತದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಅವರಿಗೆ ಉತ್ತಮ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು. ಕನ್ನಡದ ಒಂದಕ್ಷರ ತಿಳಿಯದವರು ಕುಣಿದರು. ಸಂತೋಷದ ಸಂಗತಿಯೇ. ಆದರೆ ಭಾಷೆ ತಿಳಿಯದವನು ತಾಳಕ್ಕೆ ಕುಣಿದರೆ ಸಾಕು. ಭಾಷೆ ತಿಳಿದ ನಾವು ಅಷ್ಟಕ್ಕೇ ನಿಂತರೆ ಶರೀಫರ ಪದಕ್ಕೂ ಯಾವುದೋ ಒಂದು ಕುಣಿತದ ಹಾಡಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಇನ್ನೊಂದು ಕಡೆಯಿಂದ ಆಕ್ಷೇಪವೂ ಕೇಳುತ್ತದೆ. 'ಇದೆಂಥಾ ಶರೀಫರ ಪದರೀ? ಗಿಟಾರು ಯಾರದು, ಪದ ಯಾರದು?' ಎಂದು ಹಿರಿಯರು ಕೇಳುತ್ತಾರೆ. ಅವರ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅವರಿಗೆ ಒಂದು ಮಾತು ನೆನಪಿಸಬೇಕು. ನಮ್ಮ ಭಜನೆಯ ಪೇಟಿ ಎಲ್ಲಿಯದು? 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರೂಪುಗೊಂಡ ಹಾರ್ಮೋನಿಯಂ, ಕಲ್ಕತ್ತೆಯಲ್ಲಿ ಕೈಯಿಂದ ಒತ್ತುವ ಪೆಟ್ಟಿಗೆಯಾಗಿ ನಮ್ಮ ನೆಲಕ್ಕೆ ಕುಳಿತುಕೊಂಡಿತು. ಅದು ಪರದೇಶಿ, ನಮ್ಮ ಸ್ವರಕ್ಕೆ ಹೊಂದದು ಎಂದು ಆಕಾಶವಾಣಿಯೇ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇವತ್ತು ಪೇಟಿ ಇಲ್ಲದ ಭಜನೆಯೇ ಅಪರೂಪ. ಹಾಗಾದರೆ ವಾದ್ಯ ಎಲ್ಲಿಂದ ಬಂತು ಎಂಬುದು ತಕ್ಕಡಿಯಲ್ಲ. ಆ ವಾದ್ಯದ ಜೊತೆ ಪದದ ಮಾತು ಕೇಳಿಸುತ್ತದೆಯೇ, ಹಾಡು ಮುಗಿದ ಮೇಲೆ ಕೇಳುಗ ತಾನೇ ಅದನ್ನು ಹಾಡಿಕೊಳ್ಳಬಲ್ಲನೇ? ಇದೇ ತಕ್ಕಡಿ.

ಆ ತಕ್ಕಡಿಯಲ್ಲಿ ತೂಗಿದರೆ ಮಾಳಿಗಿಯ ಪದ ಉಳಿದುಕೊಂಡಿದೆ ಎಂದೇ ನನ್ನ ಅಭಿಪ್ರಾಯ. ಮೈಸೂರಿನಲ್ಲಿ ಬೆಳೆದ ಗಾಯಕ ಅದನ್ನು 'ಮನೆಯ ಮಾಳಿಗೆ' ಎಂದು ತಿದ್ದಲಿಲ್ಲ, 'ಮನಿಯ ಮಾಳಿಗಿ' ಎಂದೇ ಇಟ್ಟುಕೊಂಡರು. ಇದು ಸಣ್ಣ ಸಂಗತಿಯಲ್ಲ. 'ಮಾಳಿಗೆ' ಎಂದೊಡನೆ ಪಟ್ಟಣದವನ ಕಣ್ಣಿಗೆ ಸಿಮೆಂಟಿನ ಮಹಡಿ ಬರುತ್ತದೆ. 'ಮಾಳಿಗಿ' ಎಂದಾಗ ನಮ್ಮ ಮಣ್ಣು ಬರುತ್ತದೆ. ಈಗ ಮೇಲ್ಮುದ್ದಿ ಮನೆಗಳು ಕಡಿಮೆಯಾಗಿ ಆರ್‌ಸಿಸಿ ಮನೆಗಳು ಎದ್ದಿವೆ. ಮಣ್ಣು ಹೊತ್ತು ಹಾಕುವುದನ್ನೇ ಕಾಣದ ಮಕ್ಕಳು ನಮ್ಮೂರಲ್ಲೂ ಬೆಳೆಯುತ್ತಿದ್ದಾರೆ. ಅವರಿಗೆ ಆ ಮಾಳಿಗಿಯ ನೆನಪು ಉಳಿಯುವುದು ಈ ಹಾಡಿನಲ್ಲಿ ಮಾತ್ರ. ಅದನ್ನು ಅರ್ಥ ಸಹಿತ ದಾಟಿಸುವ ಹೊಣೆ ಯಾವ ಕಂಪನಿಯದೂ ಅಲ್ಲ. ಅದು ಮನೆಯ ಹಿರಿಯರದು, ಶಾಲೆಯ ಮಾಸ್ತರರದು.

ಈಗ ಕಾಲಚಕ್ರ ಮತ್ತೆ ಒಂದು ಸುತ್ತು ಬಂದಿದೆ. ಗ್ರಾಮಫೋನ್ ತಟ್ಟೆಯಂತೆ ಇಂದೂ ಒಂದೇ ಹಾಡನ್ನು ಸಿಂಗಲ್ ಎಂದು ಬಿಡುಗಡೆ ಮಾಡುತ್ತಾರೆ. ಅದಕ್ಕೆ ಮುಂಬಯಿಗೂ ಹೋಗಬೇಕಾಗಿಲ್ಲ, ಬೆಂಗಳೂರಿಗೂ ಹೋಗಬೇಕಾಗಿಲ್ಲ. ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆಯ ಯುವಕರೂ ಇದರಲ್ಲಿ ಕೈಯಾಡಿಸುತ್ತಿದ್ದಾರೆ. ಅವರಿಗೆ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು, ಸ್ಟುಡಿಯೋಕ್ಕೆ ಹೋಗುವ ಮುಂಚೆ ಭಜನೆಯಲ್ಲಿ ಕೂತು ಆ ಪದವನ್ನು ಪೂರ್ತಿ ಕಲಿಯಿರಿ. ಸೊಗಸಾದ ಎರಡು ನುಡಿ ಆರಿಸಿಕೊಂಡು ಅಂಕಿತದ ನುಡಿಯನ್ನು ಬಿಟ್ಟರೆ ಅದು ತಲೆ ಇಲ್ಲದ ದೇಹ. ಎರಡನೆಯದು, ಒಂದು ಧ್ವನಿ, ಒಂದು ವಾದ್ಯ ಇಷ್ಟರಲ್ಲೇ ಹಾಡಿ ನೋಡಿ. ಅಲ್ಲಿ ನಿಲ್ಲದ ಹಾಡು ಇಪ್ಪತ್ತು ವಾದ್ಯ ಕೂಡಿಸಿದರೂ ನಿಲ್ಲದು. ಮೂರನೆಯದು ಕಾನೂನಿನ ಮಾತು. ನಮ್ಮ ಕಾಯಿದೆಯ ಪ್ರಕಾರ ಕವಿ ತೀರಿಕೊಂಡ 60 ವರ್ಷಗಳ ಮೇಲೆ ಕೃತಿಯ ಹಕ್ಕು ಮುಗಿಯುತ್ತದೆ, ಆದ್ದರಿಂದ ಶರೀಫರ ಸಾಹಿತ್ಯ ಎಲ್ಲರದು. ಆದರೆ ಈಚಿನ ಸಂಗೀತಗಾರರು ಹಾಕಿದ ಧಾಟಿಗೂ, ಅವರ ಧ್ವನಿಮುದ್ರಣಕ್ಕೂ ಬೇರೆ ಹಕ್ಕಿದೆ. ಆ ಧಾಟಿಯನ್ನೇ ಬಳಸುವುದಾದರೆ ಕೇಳಿ, ಕೊಡಬೇಕಾದ್ದನ್ನು ಕೊಟ್ಟು ಬಳಸಿರಿ. ನಾಲ್ಕನೆಯದು, ಪದವನ್ನು ಯಾವ ಹಿರಿಯರಿಂದ ಕಲಿತಿರೋ ಅವರ ಹೆಸರನ್ನು ಹಾಡಿನ ಜೊತೆ ಹಾಕಿರಿ. ಶರೀಫರ ಹೆಸರು ಅಂಕಿತದಲ್ಲಿ ಉಳಿದಿದೆ. ಪದವನ್ನು ನಾಲಗೆಯಿಂದ ನಾಲಗೆಗೆ ದಾಟಿಸಿದ ಭಜನೆಯವರಿಗೆ ಅಂಕಿತವಿಲ್ಲ.

ಮಣ್ಣಿನ ಮಾಳಿಗಿಗೆ ವರ್ಷಕ್ಕೊಮ್ಮೆ ಹೊಸ ಮಣ್ಣು ಬೇಕು, ಹಾಗೆಂದು ಯಾರೂ ಜಂತಿಯನ್ನು ಕಿತ್ತೆಸೆಯುವುದಿಲ್ಲ. ಹಾಡಿಗೂ ಅಷ್ಟೇ. ಗಿಟಾರಾಗಲಿ, ಪೇಟಿಯಾಗಲಿ, ಅದು ಮೇಲಿನ ಮಣ್ಣು. ಮಾತು ಒಳಗಿನ ಜಂತಿ. ಜಂತಿ ಗಟ್ಟಿ ಇರುವ ತನಕ ಪ್ರತಿ ತಲೆಮಾರೂ ತನ್ನ ಬುಟ್ಟಿಯ ಮಣ್ಣನ್ನು ಹೊತ್ತು ತರಲಿ.