ಕ್ಯಾಸೆಟ್ಟಿನ ದನಿ, ಮೈದಾನದ ದನಿ



ಭಾವಗೀತೆ, ಚಿತ್ರಗೀತೆಗಳ ಈ ಕಾರ್ಯಕ್ರಮದಲ್ಲಿ ಇವತ್ತು ರಾಕ್ ಸಂಗೀತದ ಮಾತೇ ಎಂದು ಹುಬ್ಬೇರಿಸಬೇಡಿ. ವರ್ಷಗಟ್ಟಲೆ ಮೆಚ್ಚಿಕೊಂಡ ಹಾಡುಗಾರರನ್ನು ಕಣ್ಣಾರೆ ನೋಡಲು ಹೋಗಿ, ಪೆಚ್ಚುಮೋರೆ ಹಾಕಿಕೊಂಡು ಲೋಕಲ್ ಹಿಡಿದು ಮನೆಗೆ ಬಂದವರು ನಿಮ್ಮಲ್ಲೂ ಇದ್ದೀರಿ. ಆ ಪೆಚ್ಚಿನ ಬಗ್ಗೆಯೇ ಈ ಮಾತು.

ದೊಡ್ಡ ದೊಡ್ಡ ತಂಡಗಳು ನಮ್ಮ ದೇಶಕ್ಕೆ ಬಂದದ್ದೇ ತಡವಾಗಿ. ರೋಲಿಂಗ್ ಸ್ಟೋನ್ಸ್ ಶುರುವಾದದ್ದು 1962ರಲ್ಲಿ. ಬೆಂಗಳೂರು, ಮುಂಬಯಿಯಲ್ಲಿ ಅವರು ಹಾಡಿದ್ದು 2003ರ ಏಪ್ರಿಲ್‌ನಲ್ಲಿ. ಮಿಕ್ ಜಾಗರ್‌ಗೆ ಆಗ 59 ವರ್ಷ. ಐರನ್ ಮೇಡನ್ 1975ರ ತಂಡ. ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ 2007. ಅಷ್ಟು ವರ್ಷ ನಮ್ಮ ಹತ್ತಿರ ಇದ್ದದ್ದು ಕ್ಯಾಸೆಟ್ಟು ಒಂದೇ. ಹಾಗಾಗಿ ನಮ್ಮ ಪಾಲಿಗೆ ಕ್ಯಾಸೆಟ್ಟೇ ಮೂಲ, ವೇದಿಕೆಯ ಮೇಲೆ ನಿಂತ ಮನುಷ್ಯರೇ ಅದರ ನಕಲು!

ನನಗೆ ಈ ಹುಚ್ಚು ಹಿಡಿಸಿದವನು ನಮ್ಮಣ್ಣ. ಧಾರವಾಡದ ಮನೆಯಲ್ಲಿ ಅವನದೊಂದು ಟೇಪ್ ರೆಕಾರ್ಡರ್. ಗೆಳೆಯರಿಂದ ನಕಲು ಮಾಡಿಸಿಕೊಂಡ ಕ್ಯಾಸೆಟ್ಟು, ಅದರ ಮೇಲೆ ಅವನದೇ ಕೈಬರಹ. ಅಪ್ಪ ತೀರಿಕೊಂಡ ವರ್ಷ ಅಣ್ಣ ಓದು ಬಿಟ್ಟು ಅಂಗಡಿಯಲ್ಲಿ ಕೂತ. ರಾತ್ರಿ ಬಂದು ಊಟ ಮಾಡಿ ಒಂದೇ ಹಾಡು ಹಾಕುತ್ತಿದ್ದ. ಹಾಡಿನ ಕೊನೆಯಲ್ಲಿ ಗಾಯಕ ದನಿಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಒಯ್ದು ಅಲ್ಲೇ ನಿಲ್ಲಿಸುತ್ತಾನೆ. ಅಲ್ಲಿಗೆ ಬಂದಾಗ ಮಾತ್ರ ಅಣ್ಣ ಕಣ್ಣು ಮುಚ್ಚುತ್ತಿದ್ದ. ಅದಾದ ಮೇಲೆ ದೀಪ ಆರಿಸಿ ಮಲಗುತ್ತಿದ್ದ.

ಆ ತಂಡ ಮುಂಬಯಿಗೆ ಬಂತು. ಹೆಸರು ಬೇಡ, ಅವರನ್ನು ಇಷ್ಟಪಡುವವರ ಮನಸ್ಸು ನೋಯಿಸುವುದೇಕೆ. ಅಣ್ಣ ರಾತ್ರಿ ಬಸ್ಸಿಗೆ ಬಂದಿಳಿದ. ಮೂಗು ಹಿಡಿದುಕೊಂಡು ಟಿಕೇಟು ಕೊಂಡೆವು. ಆ ದುಡ್ಡಿಗೆ ಸಿಕ್ಕಿದ್ದು ವೇದಿಕೆಯಿಂದ ನೂರು ಮೀಟರಿಗೂ ಆಚೆಯ ಜಾಗ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, ಬೆಳಕಿಗೆ ಆ ತಾಪತ್ರಯವಿಲ್ಲ. ದೊಡ್ಡ ಪರದೆಯ ಮೇಲೆ ತುಟಿ ಮೊದಲು ಅಲ್ಲಾಡುತ್ತಿತ್ತು, ಹಾಡು ಆಮೇಲೆ ಬರುತ್ತಿತ್ತು. ಹೋಗಲಿ ಬಿಡಿ, ಅದು ಯಾರ ತಪ್ಪೂ ಅಲ್ಲ.

ಎರಡನೇ ಹಾಡಿಗೇ ಅಣ್ಣ ನನ್ನ ಕಡೆ ತಿರುಗಿ, "ಇದು ಅದ ಹಾಡೇನೋ?" ಅಂದ. ಹಾಡು ಅದೇ, ಶ್ರುತಿ ಇಳಿದಿತ್ತು. ಅರವತ್ತು ದಾಟಿದ ಗಂಟಲಿಗೆ ಇಪ್ಪತ್ತೈದರ ಎತ್ತರ ಎಟುಕುವುದಿಲ್ಲ. ಅದಕ್ಕೇ ಗಿಟಾರುಗಳನ್ನು ಅರ್ಧ ಸ್ವರವೋ ಒಂದು ಸ್ವರವೋ ಕೆಳಗೆ ಶ್ರುತಿ ಮಾಡಿಕೊಳ್ಳುತ್ತಾರೆ. ಕೇಳುವವರಿಗೆ ಏನೋ ಸಪ್ಪೆ ಅನ್ನಿಸುತ್ತದೆ, ಕಾರಣ ಹೊಳೆಯುವುದಿಲ್ಲ. ಇದನ್ನು ನಾನು ಮೋಸ ಎನ್ನುವುದಿಲ್ಲ. ನಮ್ಮ ಹಿಂದುಸ್ತಾನಿ ಗಾಯಕರೂ ತಮ್ಮ ದನಿಗೆ ಒಗ್ಗುವ ಷಡ್ಜ ಹಿಡಿದೇ ತಂಬೂರಿ ಕೂಡಿಸುತ್ತಾರೆ. ವಯಸ್ಸಾದಂತೆ ಅದು ಇಳಿದರೆ ನಾವು ಎದ್ದು ಹೋಗುತ್ತೇವೆಯೇ?

ಕೊನೆಗೆ ಅಣ್ಣನ ಹಾಡು ಬಂತು. ಆ ಎತ್ತರದ ಜಾಗವೂ ಬಂತು. ದನಿ ಮೇಲೇರಿತು, ಇನ್ನೂ ಏರಿತು, ಥೇಟ್ ಕ್ಯಾಸೆಟ್ಟಿನ ಹಾಗೆ ನಿಂತಿತು. ಜನ ಹುಚ್ಚೆದ್ದು ಕೂಗಿದರು. ಪರದೆಯ ಮೇಲೆ ನೋಡಿದರೆ ಗಾಯಕ ಮೈಕನ್ನು ಸೊಂಟದ ಹತ್ತಿರ ಇಳಿಸಿ, ಇನ್ನೊಂದು ಕೈಯನ್ನು ಜನರತ್ತ ಬೀಸುತ್ತಿದ್ದ. ದನಿ ಮಾತ್ರ ಇನ್ನೂ ಅಲ್ಲೇ ನಿಂತಿತ್ತು. ತುಟಿ ಮೊದಲು, ಹಾಡು ಆಮೇಲೆ ಅನ್ನುವ ಲೆಕ್ಕಕ್ಕೂ ಅದು ಸಿಗದಷ್ಟು ಉದ್ದ. ಅಣ್ಣನೂ ನೋಡಿದ. ಇಬ್ಬರೂ ಮಾತಾಡಲಿಲ್ಲ.

ಧ್ವನಿಮುದ್ರಿಕೆಯನ್ನು ವೇದಿಕೆಗೆ ತರುವುದೇ ತಪ್ಪು ಎನ್ನುತ್ತಿಲ್ಲ. ಕ್ವೀನ್ ತಂಡದ 'ಬೊಹೀಮಿಯನ್ ರ‍್ಯಾಪ್ಸಡಿ' 1975ರದು. ನಡುವಿನ ಅಪೆರಾ ಭಾಗವನ್ನು ಸ್ಟುಡಿಯೋದಲ್ಲಿ ದನಿಯ ಮೇಲೆ ದನಿ ಪೇರಿಸಿ ಕಟ್ಟಿದ್ದು, ನಾಲ್ಕು ಜನ ನಿಂತು ಹಾಡಲು ಆಗದ್ದು. ಅವರು ಏನು ಮಾಡುತ್ತಿದ್ದರು ಗೊತ್ತೆ? ಆ ಭಾಗ ಬಂದಾಗ ವೇದಿಕೆ ಬಿಟ್ಟು ಒಳಗೆ ಹೋಗುತ್ತಿದ್ದರು. ಟೇಪು ಓಡುತ್ತಿತ್ತು, ಮುಗಿದ ಮೇಲೆ ಮತ್ತೆ ಬಂದು ನುಡಿಸುತ್ತಿದ್ದರು. ಹಾಡಿದಂತೆ ನಟಿಸಲಿಲ್ಲ.

ಬೀಟಲ್ಸ್ ಇನ್ನೂ ನಿಷ್ಠುರ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55 ಸಾವಿರಕ್ಕೂ ಹೆಚ್ಚು ಜನ. ಆ ಚೀರಾಟದಲ್ಲಿ ಅವರಿಗೆ ಅವರದೇ ಹಾಡು ಕೇಳುತ್ತಿರಲಿಲ್ಲ. ಮರುವರ್ಷ ಆಗಸ್ಟ್ 5ಕ್ಕೆ 'ರಿವಾಲ್ವರ್' ಬಂತು. ಅದೇ ತಿಂಗಳು ಅಮೆರಿಕದಲ್ಲಿ ತಿರುಗಿದರೂ ಅದರ ಒಂದು ಹಾಡನ್ನೂ ವೇದಿಕೆಯಲ್ಲಿ ಹಾಡಲಿಲ್ಲ. 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿ ಪ್ರವಾಸಕ್ಕೇ ಪೂರ್ಣವಿರಾಮ ಹಾಕಿದರು. ಆಗ ಅವರಲ್ಲಿ ಯಾರಿಗೂ ಮೂವತ್ತು ತುಂಬಿರಲಿಲ್ಲ.

ನಮ್ಮ ಗಾಯಕನ ದನಿ ಅಲ್ಲಿ ಒಡೆದಿದ್ದರೆ ನನಗೆ ಬೇಸರವಾಗುತ್ತಿರಲಿಲ್ಲ. ಅಣ್ಣನಿಗೂ ಈಗ ಕೂದಲು ನರೆತಿದೆ. ಒಡೆದ ದನಿಯನ್ನು ಅವನು ನನಗಿಂತ ಚೆನ್ನಾಗಿ ಕೇಳುತ್ತಿದ್ದ.

ಮೊನ್ನೆ ಫೋನು ಮಾಡಿದಾಗ, "ಆ ಕ್ಯಾಸೆಟ್ಟು ಹಾಕಿದ್ಯೇನಣ್ಣಾ?" ಎಂದು ಕೇಳಿದೆ. "ಇನ್ನೂ ಹಾಕಿಲ್ಲೋ" ಅಂದ. ಆಮೇಲೆ ಅಂಗಡಿಯ ಮಾತು, ಮಳೆಯ ಮಾತು ಆಡಿದೆವು.