ಮುಕ್ತ ವಿಶ್ವವಿದ್ಯಾನಿಲಯ ಮತ್ತು ದುಡಿಯುವ ಜನ

(ಮುಂಬಯಿಯಲ್ಲಿ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ರಜೆ, ಇವುಗಳನ್ನು ಕುರಿತು ಮಾತನಾಡುವುದು ನಮ್ಮ ಸಭೆಗಳ ರೂಢಿ. ಇಂದು ವಿಶ್ವವಿದ್ಯಾನಿಲಯದ ವಿಷಯವನ್ನು ಎತ್ತಿಕೊಂಡಿದ್ದೇವೆ. ಏಳನೆಯ ತರಗತಿಗೆ ಶಾಲೆ ಬಿಟ್ಟು, ಊರ ಬಸ್ಸು ಹತ್ತಿ ಬಂದು, ಮೋರಿಯ ಮುಂದೆ ತಟ್ಟೆ ತೊಳೆಯಲು ನಿಂತ ನಮಗೂ ವಿಶ್ವವಿದ್ಯಾನಿಲಯಕ್ಕೂ ಏನು ನಂಟು ಎಂದು ಕೆಲವರಿಗೆ ನಗು ಬಂದೀತು. ನಂಟು ಉಂಟು. ಅದನ್ನು ತೋರಿಸಿಕೊಟ್ಟವನು ನಮ್ಮ ಸಂಘದ ಒಬ್ಬ ತರುಣ ಸದಸ್ಯ.

ಕಳೆದ ತಿಂಗಳು ಆತ ವಾರದ ರಜೆಯ ದಿನ ಸಂಘದ ಕಚೇರಿಗೆ ಬಂದ. ಸಪ್ಲಾಯರ್ ಕೆಲಸ. ರಾತ್ರಿ ಶಾಲೆಯಲ್ಲಿ ಓದಿ ಹನ್ನೆರಡನೆಯ ತರಗತಿ ದಾಟಿದ ಹುಡುಗ. ಕೈಯಲ್ಲಿ ಒಂದು ಬಣ್ಣದ ಕಾಗದ. ಕ್ಲಾಸಿಗೆ ಬರಬೇಕಾಗಿಲ್ಲ, ಅಂಚೆಯ ಮೂಲಕವೇ ಹೊಟೇಲು ನಿರ್ವಹಣೆಯಲ್ಲಿ ಪದವಿ ಕೊಡಿಸುತ್ತೇವೆ ಎಂದು ಅದರಲ್ಲಿ ಅಚ್ಚಾಗಿತ್ತು. ಎರಡು ತಿಂಗಳ ಪಗಾರದಷ್ಟು ಹಣವನ್ನು ಮುಂಗಡ ಕಟ್ಟಬೇಕಂತೆ. “ಅಣ್ಣಾ, ಕಟ್ಟಲೆ, ಬಿಡಲೆ?” ಎಂದು ಕೇಳಿದ. ನಮಗೆ ಆ ಗಳಿಗೆಯಲ್ಲಿ ಉತ್ತರ ಹೊಳೆಯಲಿಲ್ಲ. “ಎಂಟು ದಿನ ತಡಿ, ತಮ್ಮಾ” ಎಂದೆವು. ಆ ಎಂಟು ದಿನಗಳಲ್ಲಿ ಓದಿದವರನ್ನು ಕೇಳಿ, ಕಾಗದಪತ್ರಗಳನ್ನು ನೋಡಿ ತಿಳಿದುಕೊಂಡ ಸಂಗತಿಗಳನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇವೆ.

ಹಿಂದಿನ ಕಾಲದಲ್ಲಿ ಕಾಲೇಜು ಎಂದರೆ ಹಗಲು ಬಿಡುವಿದ್ದವರ ಸೊತ್ತು. ಬೆಳಿಗ್ಗೆ ನಾಲ್ಕಕ್ಕೆ ಒಲೆ ಹಚ್ಚುವವನಿಗೆ, ಮೂರು ಪಾಳಿಯ ಗಿರಣಿಯಲ್ಲಿ ನಿಂತವನಿಗೆ ಅದು ಮುಚ್ಚಿದ ಬಾಗಿಲು. ಈ ಅನ್ಯಾಯವನ್ನು ಕಂಡೇ ಅಂಚೆಯ ಮೂಲಕ ಪಾಠ ಕಳಿಸುವ ಪದ್ಧತಿ ನಮ್ಮ ದೇಶದಲ್ಲಿ 1962ರಲ್ಲಿ ದಿಲ್ಲಿ ವಿಶ್ವವಿದ್ಯಾನಿಲಯದಲ್ಲಿ ಆರಂಭವಾಯಿತು. ಕನ್ನಡ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ಅಂಚೆ ಶಿಕ್ಷಣವನ್ನು ತೆರೆಯಿತು. ಆಮೇಲೆ ಈ ಕೆಲಸಕ್ಕೆಂದೇ ಬೇರೆ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಹೈದರಾಬಾದಿನಲ್ಲಿ 1982ರಲ್ಲಿ, ಇಡೀ ದೇಶಕ್ಕೆಂದು ದಿಲ್ಲಿಯಲ್ಲಿ 1985ರಲ್ಲಿ, ಮಹಾರಾಷ್ಟ್ರಕ್ಕೆ ನಾಸಿಕದಲ್ಲಿ 1989ರಲ್ಲಿ. ಮೈಸೂರಿನ ಆ ಹಳೆಯ ಅಂಚೆ ಶಿಕ್ಷಣ ಸಂಸ್ಥೆಯೇ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಬಂಧುಗಳೆ, ಇದು ಸಣ್ಣ ಕೆಲಸವಲ್ಲ. ಗುಮಾಸ್ತೆಯಾಗಿ ಸೇರಿದವನು ಬಿ.ಎ. ಮಾಡಿಕೊಂಡು ಬಡ್ತಿ ಪಡೆಯಲು, ಹದಿನೆಂಟಕ್ಕೆ ಮದುವೆಯಾದ ಹೆಣ್ಣುಮಗಳು ಮಕ್ಕಳನ್ನು ಮಲಗಿಸಿ ಪುಸ್ತಕ ಬಿಚ್ಚಲು, ಹೊಲದಲ್ಲಿ ದುಡಿಯುವವನು ತನ್ನ ನುಡಿಯಲ್ಲೇ ಎಂ.ಎ. ಓದಲು ಸಾಧ್ಯವಾದುದು ಈ ಬಾಗಿಲಿನಿಂದ. ಇದನ್ನು ‘ಅಂಚೆ ಡಿಗ್ರಿ’ ಎಂದು ಹಗುರವಾಗಿ ಆಡುವವರಿದ್ದಾರೆ. ಹಗಲೆಲ್ಲ ಓದಲು ಬಿಡುವಿದ್ದವನ ಪದವಿಗಿಂತ, ಹನ್ನೆರಡು ತಾಸು ದುಡಿದು ಓದಿದವನ ಪದವಿ ಹೇಗೆ ಕಡಿಮೆಯಾಯಿತು? ಮಾನ್ಯತೆಯುಳ್ಳ ದೂರಶಿಕ್ಷಣದ ಪದವಿಯು ಕಾಲೇಜಿನ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವೇ 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ‘ಮಾನ್ಯತೆಯುಳ್ಳ’ ಎಂಬ ಆ ಮಾತನ್ನು ತಾವು ನೆನಪಿನಲ್ಲಿಡಬೇಕು. ಎಲ್ಲ ಕಷ್ಟವೂ ಹುಟ್ಟಿದ್ದು ಅಲ್ಲಿಯೇ.

ಮೈಸೂರಿನ ಈ ಸಂಸ್ಥೆಗೆ ಆದುದೇನು? ನಮ್ಮ ಕಸುಬಿನ ಮಾತಿನಲ್ಲೇ ಹೇಳುವುದಾದರೆ, ಒಂದು ಒಳ್ಳೆಯ ಹೊಟೇಲು ಇದೆ ಎನ್ನಿ. ಭಟ್ಟರ ಕೈ ಚೆನ್ನಾಗಿದೆ, ಊರಿಗೆಲ್ಲ ಹೆಸರು. ಸೇಠರು ಒಂದು ದಿನ ಲೆಕ್ಕ ಹಾಕುತ್ತಾರೆ: ನಾವೇ ಯಾಕೆ ಅಡುಗೆ ಮಾಡಬೇಕು? ಬೋರ್ಡನ್ನು ಬಾಡಿಗೆಗೆ ಕೊಟ್ಟರೆ ಸಾಲದೆ? ಊರೂರಿನಲ್ಲಿ ಬೋರ್ಡು ಏರುತ್ತದೆ. ಒಳಗೆ ಅಡುಗೆ ಯಾರದೋ, ಎಣ್ಣೆ ಯಾವುದೋ. ಗಿರಾಕಿಗೆ ಮಾತ್ರ ಕಾಣುವುದು ಬೋರ್ಡು. ನಾಲ್ಕು ಕಡೆ ಹುಳಿ ಹಿಡಿದ ಸಾಂಬಾರು ಬಡಿಸಿದ ಮೇಲೆ ಮೂಲ ಹೊಟೇಲಿಗೂ ಜನ ಬರುವುದಿಲ್ಲ.

ಮುಕ್ತ ವಿಶ್ವವಿದ್ಯಾನಿಲಯದಲ್ಲಿಯೂ ಹೀಗೆಯೇ ಆಯಿತು. ಮೈಸೂರಿನಲ್ಲಿ ತನ್ನ ಅಧ್ಯಾಪಕರೇ ನಡೆಸುತ್ತಿದ್ದ ಪಾಠಗಳ ಜತೆಗೆ, ಖಾಸಗಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು, ಕರ್ನಾಟಕದ ಹೊರಗೂ ಅದರ ಹೆಸರಿನಲ್ಲಿ ಕೋರ್ಸುಗಳು ನಡೆದವು. ತಾಂತ್ರಿಕ ಕೋರ್ಸುಗಳೂ ಅವುಗಳಲ್ಲಿ ಸೇರಿದ್ದವು. ಇಂಥ ಸಂಸ್ಥೆ ಹೆಚ್ಚಾಗಿ ವಿದ್ಯಾರ್ಥಿಗಳ ಶುಲ್ಕದಿಂದಲೇ ನಡೆಯಬೇಕು. ಆದುದರಿಂದ ತಲೆ ಎಣಿಸುವ ಆಸೆ ಸಹಜ. ಆದರೆ ರಾಜ್ಯದ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾನಿಲಯ ಆ ರಾಜ್ಯದ ಗಡಿ ದಾಟಬಾರದು ಎಂಬುದನ್ನು ಸುಪ್ರೀಂ ಕೋರ್ಟು 2005ರಲ್ಲಿ, ಛತ್ತೀಸಗಢದ ಖಾಸಗಿ ವಿಶ್ವವಿದ್ಯಾನಿಲಯಗಳ ಮೇಲೆ ಪ್ರೊಫೆಸರ್ ಯಶಪಾಲರು ಹೂಡಿದ ಮೊಕದ್ದಮೆಯಲ್ಲಿಯೇ ಹೇಳಿತ್ತು. 2013ರಲ್ಲಿ ದೂರಶಿಕ್ಷಣದ ಮೇಲ್ವಿಚಾರಣೆ ಅನುದಾನ ಆಯೋಗದ ಕೈಗೆ ಬಂದಿತು, ಹಿಡಿತ ಬಿಗಿಯಾಯಿತು.

2015ರ ಜೂನ್ 16ರಂದು ಆಯೋಗದ ಪ್ರಕಟಣೆ ಹೊರಬಿದ್ದಿತು. 2012-13ನೆಯ ಸಾಲಿನ ನಂತರ ಈ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲ ಎಂಬುದು ಅದರ ತಾತ್ಪರ್ಯ. ಗಮನಿಸಿರಿ: ಪ್ರಕಟಣೆ ಬಂದದ್ದು 2015ರಲ್ಲಿ, ಮಾನ್ಯತೆ ಹೋದದ್ದು ಅದಕ್ಕೂ ಎರಡು ವರ್ಷ ಹಿಂದಿನಿಂದ. ಆ ಎರಡು ವರ್ಷಗಳಲ್ಲಿ ಸಾವಿರಾರು ಜನ ಶುಲ್ಕ ಕಟ್ಟಿದ್ದರು, ಓದಿದ್ದರು, ಪರೀಕ್ಷೆಗೆ ಕುಳಿತಿದ್ದರು. ಉಂಡು ಕೈತೊಳೆದವನಿಗೆ ‘ನೀನು ಉಂಡದ್ದು ಊಟವಲ್ಲ’ ಎಂದಂತಾಯಿತು. ಆಯೋಗದ ನಿಯಮ ಸರಿ ಇರಬಹುದು. ಆದರೆ ನಿಯಮ ಮೀರಿದವರು ಯಾರು, ದಂಡ ತೆತ್ತವರು ಯಾರು? ಒಪ್ಪಂದಕ್ಕೆ ರುಜು ಹಾಕಿದವನು ವಿದ್ಯಾರ್ಥಿಯಲ್ಲ. ಗಡಿ ದಾಟಿದವನೂ ಅವನಲ್ಲ. ನಿಯಮ ಮೀರದ ಪಾಠಗಳನ್ನು ಮೈಸೂರಿನಿಂದಲೇ ಓದುತ್ತಿದ್ದ ಬಡ ವಿದ್ಯಾರ್ಥಿಯೂ ಅದೇ ಬಲೆಯಲ್ಲಿ ಸಿಕ್ಕಿಬಿದ್ದ.

ಮುಂದಿನ ಮೂರು ವರ್ಷ ಹೊಸ ಪ್ರವೇಶಗಳು ನಿಂತವು. ವಿದ್ಯಾರ್ಥಿಗಳೇ ಇಲ್ಲದ ವಿಶ್ವವಿದ್ಯಾನಿಲಯ ಎಂದರೆ ಗಿರಾಕಿಗಳಿಲ್ಲದ ಹೊಟೇಲು. ದೀಪ ಉರಿಯುತ್ತದೆ, ಒಲೆ ತಣ್ಣಗಿರುತ್ತದೆ. ಕೊನೆಗೆ 2018ರ ಆಗಸ್ಟಿನಲ್ಲಿ 17 ಕೋರ್ಸುಗಳಿಗೆ, 2018-19ರಿಂದ ಐದು ವರ್ಷಗಳ ಮಟ್ಟಿಗೆ, ಮಾನ್ಯತೆ ಹಿಂದಿರುಗಿತು. ಆಮೇಲೆ ಆ ಸಂಸ್ಥೆ ತನ್ನ ಮನೆಯನ್ನು ಸರಿಪಡಿಸಿಕೊಂಡು, ನ್ಯಾಕ್ ಪರಿಶೀಲನೆಯಲ್ಲಿ ‘ಎ ಪ್ಲಸ್’ ಶ್ರೇಣಿಯನ್ನೂ ಪಡೆದಿದೆ. ಇದನ್ನು ನಾವು ಸಂತೋಷದಿಂದಲೇ ಹೇಳಬೇಕು. ಆದರೆ ಜನರ ನಂಬಿಕೆ ಆಯೋಗದ ಒಂದು ಪತ್ರದಿಂದ ಮರಳುವಂಥದಲ್ಲ. ‘ಅದಕ್ಕೆ ಮಾನ್ಯತೆ ಇಲ್ಲವಂತೆ’ ಎಂಬ ಮಾತು ಒಮ್ಮೆ ಊರಿನ ಬಾಯಿಗೆ ಬಿದ್ದರೆ, ಮಾನ್ಯತೆ ಬಂದ ಸುದ್ದಿ ಮುಟ್ಟಲು ಹತ್ತು ವರ್ಷ ಬೇಕು.

ಗಿರಣಿಯ ಹಿರಿಯರಿಗೆ ಈ ಕಥೆ ಹೊಸದಲ್ಲ. 1982ರ ಜನವರಿಯಲ್ಲಿ ಮುಷ್ಕರ ಆರಂಭವಾದ ಮೇಲೆ ಎಷ್ಟೋ ಗಿರಣಿಗಳ ಭೋಂಗಾ ಮತ್ತೆ ಕೂಗಲಿಲ್ಲ. ನಲವತ್ತು ವರ್ಷ ದಾಟಿದರೂ ಅದರ ಲೆಕ್ಕ ತೀರಿಲ್ಲ. ಮಾಲೀಕರಿಗೆ ಜಾಗ ಉಳಿಯಿತು, ಕಾಮಗಾರನಿಗೆ ಕಲಿತ ಕಸುಬೇ ಬೆಲೆಯಿಲ್ಲದ್ದಾಯಿತು. ಮೇಲಿನವರ ಲೆಕ್ಕ ತಪ್ಪಿದಾಗ ಕೆಳಗಿನವನ ಕೈಯ ಕಾಗದ ಬೆಲೆ ಕಳೆದುಕೊಳ್ಳುತ್ತದೆ. ವಿದ್ಯೆಯ ವಿಷಯದಲ್ಲಿ ಇದು ಇನ್ನೂ ಕ್ರೂರ. ಉಳ್ಳವನ ಮಗನಿಗೆ ಹತ್ತು ಕಾಲೇಜುಗಳಿವೆ. ಒಂದರ ಹೆಸರು ಕೆಟ್ಟರೆ ಇನ್ನೊಂದಕ್ಕೆ ಹೋಗುತ್ತಾನೆ. ದುಡಿದು ಓದುವವನಿಗೆ ಇರುವುದು ಇದೊಂದೇ ಬಾಗಿಲು.

ಹಾಗಾದರೆ ನಾವು ಏನು ಮಾಡಬೇಕು? ಹೆದರಿ ಓದುವ ಆಸೆಯನ್ನೇ ಬಿಡಬೇಕೆ? ಕೂಡದು. ಪಗಾರದ ಚೀಟಿಯನ್ನು ಎಣಿಸಿ ನೋಡುವಂತೆ ಇದನ್ನೂ ನೋಡಬೇಕು. ನಾಲ್ಕು ಮಾತುಗಳನ್ನು ಗಂಟು ಹಾಕಿಕೊಳ್ಳಿರಿ.

ಮೊದಲನೆಯದು: ವಿಶ್ವವಿದ್ಯಾನಿಲಯ ದೊಡ್ಡದೆ ಎಂದು ಕೇಳಬೇಡಿ, ಈ ವರ್ಷಕ್ಕೆ, ಈ ಕೋರ್ಸಿಗೆ ಮಾನ್ಯತೆ ಇದೆಯೆ ಎಂದು ಕೇಳಿರಿ. ಆಯೋಗದ ದೂರಶಿಕ್ಷಣ ವಿಭಾಗ ಇದರ ಪಟ್ಟಿಯನ್ನು ಪ್ರಕಟಿಸುತ್ತದೆ. ಮೊಬೈಲಿನಲ್ಲಿಯೇ ನೋಡಬಹುದು. ನೋಡಲು ಬಾರದವರು ಸಂಘಕ್ಕೆ ಬನ್ನಿರಿ.

ಎರಡನೆಯದು: ಗಡಿಯನ್ನು ನೋಡಿರಿ. ರಾಜ್ಯದ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಆ ರಾಜ್ಯದೊಳಗೆ ಮಾತ್ರ. ಮೈಸೂರಿನ ಪದವಿಯನ್ನು ಇಲ್ಲಿಯ ಗಲ್ಲಿಯಲ್ಲಿ ಕೊಡಿಸುತ್ತೇವೆ ಎನ್ನುವ ಅಂಚೆ ಶಿಕ್ಷಣದ ಕೇಂದ್ರವನ್ನು ನಂಬಬೇಡಿ. ಮುಂಬಯಿಯಲ್ಲಿದ್ದು ಓದುವವರಿಗೆ ದಿಲ್ಲಿಯ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯ, ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿಶ್ವವಿದ್ಯಾನಿಲಯ, ಇಲ್ಲಿಯ ಮುಂಬಯಿ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಇವೆ. ಆಯೋಗ ಒಪ್ಪಿಗೆ ಕೊಟ್ಟ ಆನ್‌ಲೈನ್ ಕೋರ್ಸುಗಳಿಗೆ ಮಾತ್ರ ಗಡಿಯ ಅಡ್ಡಿಯಿಲ್ಲ.

ಮೂರನೆಯದು: ಅಂಚೆಯ ಮೂಲಕ ಕಲಿಸಬಾರದ ವಿದ್ಯೆಗಳೂ ಉಂಟು. ಇಂಜಿನಿಯರಿಂಗ್, ವೈದ್ಯ, ನರ್ಸಿಂಗ್, ಔಷಧಶಾಸ್ತ್ರ ಆ ಪಟ್ಟಿಯಲ್ಲಿವೆ. ಹೊಟೇಲು ನಿರ್ವಹಣೆ ಮತ್ತು ಅಡುಗೆಯ ವಿದ್ಯೆಯೂ ಅದೇ ಪಟ್ಟಿಯಲ್ಲಿವೆ! ಒಲೆಯ ಮುಂದೆ ನಿಲ್ಲದೆ ಅಡುಗೆ ಬಾರದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ತರುಣನ ಕೈಯಲ್ಲಿದ್ದ ಬಣ್ಣದ ಕಾಗದದ ಬಂಡವಾಳ ಇಲ್ಲಿ ಹೊರಬಿತ್ತು.

ನಾಲ್ಕನೆಯದು: ಹಣವನ್ನು ವಿಶ್ವವಿದ್ಯಾನಿಲಯದ ಹೆಸರಿಗೇ ಕಟ್ಟಿ, ಅದರ ರಸೀತಿಯನ್ನೇ ಪಡೆಯಿರಿ. ದಲ್ಲಾಳಿಯ ಚೀಟಿ ರಸೀತಿಯಲ್ಲ.

ಪದವಿಗೆ ಸೇರಲು ಹನ್ನೆರಡನೆಯ ತರಗತಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆ ಆಗಿರಬೇಕು. ನಮ್ಮಂತೆ ನಡುವೆ ಶಾಲೆ ಬಿಟ್ಟವರು ರಾತ್ರಿ ಶಾಲೆಯಿಂದಲೋ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದಲೋ ಮೆಟ್ಟಿಲು ಹತ್ತಬೇಕು. ಇದಕ್ಕೆ ವಯಸ್ಸಿನ ನಾಚಿಕೆ ಬೇಡ.

ಇಷ್ಟು ನಮ್ಮ ಎಚ್ಚರಿಕೆಯ ಮಾತಾಯಿತು. ಆಳುವವರಿಗೂ ಎರಡು ಮಾತು ಹೇಳಬೇಕಾಗಿದೆ. ದುಡಿಯುವವರ ವಿಶ್ವವಿದ್ಯಾನಿಲಯವನ್ನು ದುಡಿಯುವವರ ಶುಲ್ಕದ ಮೇಲೆಯೇ ಬಿಟ್ಟರೆ, ಅದು ಬೋರ್ಡನ್ನು ಬಾಡಿಗೆಗೆ ಕೊಡುವ ದಾರಿ ಹಿಡಿಯದೆ ಏನು ಮಾಡೀತು? ಕರ್ನಾಟಕ ಸರಕಾರ ಅದಕ್ಕೆ ಅನ್ನ ಹಾಕಬೇಕು, ಲೆಕ್ಕವನ್ನೂ ಕೇಳಬೇಕು. ಇನ್ನು ಮುಂದೆ ಯಾವ ಸಂಸ್ಥೆ ತಪ್ಪಿದರೂ ದಂಡ ಆಡಳಿತದ ಮೇಲೆ ಬೀಳಲಿ. ಪ್ರಾಮಾಣಿಕವಾಗಿ ಓದಿದವನ ಅಂಕಪಟ್ಟಿಯ ಮೇಲೆ ಬೀಳಬಾರದು. ಈ ಎರಡನ್ನು ಇಂದಿನ ಸಭೆ ಠರಾವು ಮಾಡಿ ಬೆಂಗಳೂರಿಗೂ ದಿಲ್ಲಿಗೂ ಕಳಿಸಬೇಕೆಂದು ಸೂಚಿಸುತ್ತೇವೆ. ಹಾಗೆಯೇ, ಪ್ರವೇಶದ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಅರ್ಜಿ ತುಂಬಿಸಿಕೊಡುವ, ಪಟ್ಟಿ ನೋಡಿ ಹೇಳುವ ಕೆಲಸವನ್ನು ಸಂಘ ವಹಿಸಿಕೊಳ್ಳಲಿ. ಓದಿದ ನಮ್ಮ ಮಕ್ಕಳು ಇದಕ್ಕೆ ಕೈಕೊಡಲಿ.

ಆ ತರುಣ ಹಣ ಕಟ್ಟಲಿಲ್ಲ. ಪಟ್ಟಿ ನೋಡಿ, ಮಾನ್ಯತೆಯಿರುವ ಕಡೆ ಬಿ.ಕಾಂ.ಗೆ ಅರ್ಜಿ ಹಾಕಿದ್ದಾನೆ. ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಆರು ಗಂಟೆಗೆ ಡ್ಯೂಟಿ ಇರುವುದರಿಂದ ಈಗ ಎದ್ದು ಹೋಗಬೇಕಂತೆ. ಅವನಿಗೆ ದಾರಿ ಬಿಡಿ. ಅವನು ಪಡೆಯುವ ಪದವಿಗೆ ಮುಂದೆ ಯಾರೂ ಬೆರಳು ತೋರಿಸದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.