ಏಕಾಂತವೂ ಅರ್ಥಾನ್ವೇಷಣೆಯೂ



ಮನುಷ್ಯನು ಒಬ್ಬಂಟಿಯಾಗಿ ನಿಂತು ತನ್ನ ಬಾಳಿನ ಅರ್ಥವನ್ನು ಅರಸುವ ಕಾದಂಬರಿಗಳ ವಿಷಯದಲ್ಲಿ ನಮ್ಮಲ್ಲಿ ಒಂದು ಆಕ್ಷೇಪವುಂಟು. ಇವು ಸಾರ್ತ್ರ್, ಕಾಮೂ ಮೊದಲಾದ ಫ್ರೆಂಚ್ ಲೇಖಕರಿಂದ ಬಂದ ಸರಕು, ನಮ್ಮ ನೆಲಕ್ಕೆ ಒಗ್ಗುವುವಲ್ಲ ಎಂಬುದೇ ಆ ಆಕ್ಷೇಪ. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ಕೊಪ್ಪಳದ ಬಂಡೆಗಳನ್ನು ಸಾಕ್ಷಿಗೆ ಕರೆದು ವಿಚಾರಿಸಬಹುದು.

ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಎಂಬ ಎರಡು ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1931ರಲ್ಲಿ ಇವು ಬೆಳಕಿಗೆ ಬಂದುವು. ಇವುಗಳಲ್ಲಿ ಗೆಲುವಿನ ವರ್ಣನೆಯಿಲ್ಲ. ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಉಪಾಸಕನಾಗಿದ್ದರೂ ಒಂದು ವರ್ಷ ತಕ್ಕಷ್ಟು ಶ್ರಮಿಸಲಿಲ್ಲವೆಂದೂ, ಬಳಿಕ ಸಂಘದ ಸಾಮೀಪ್ಯದಲ್ಲಿ ಗಾಢವಾಗಿ ಯತ್ನಿಸಿದೆನೆಂದೂ ಅರಸನೇ ಹೇಳಿಕೊಳ್ಳುತ್ತಾನೆ. ಇಂತಹ ಸಾಧನೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆನ್ನುತ್ತಾನೆ. ತನ್ನ ಒಳಗಿನ ಕೊರತೆಯನ್ನು ತಾನೇ ಅಳೆದುಕೊಳ್ಳುವ ಈ ಧ್ವನಿ ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನದು.

ಅದೇ ಪಾಲ್ಕಿಗುಂಡಿನಲ್ಲಿ ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬವನು ಮಾಡಿಸಿದನೆಂದು ಒಂದು ಕನ್ನಡ ಶಾಸನವುಂಟು. ಜೈನರಿಗೆ ಕೊಪಣವು ಮಹಾತೀರ್ಥವಾಗಿತ್ತು. ಸಲ್ಲೇಖನವ್ರತದಿಂದ ಇಲ್ಲಿ ದೇಹವನ್ನು ತ್ಯಜಿಸಿದವರು ಅನೇಕರು. ಅವರ ಏಕಾಂತವು ಕಠಿಣವಾದುದು, ಆದರೆ ಅನಾಥವಾದುದಲ್ಲ. ಏತಕ್ಕಾಗಿ ಒಬ್ಬನೇ ಇರಬೇಕೆಂಬುದನ್ನು ಶಾಸ್ತ್ರವೂ ಗುರುವೂ ಮೊದಲೇ ತಿಳಿಸಿದ್ದುವು.

ಹೊಸ ಕಾದಂಬರಿಯು ಬೇರೆಯಾಗುವುದು ಇಲ್ಲಿಯೇ. 1965ರಲ್ಲಿ ಪ್ರಕಟವಾದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ನೋಡಿರಿ. ಆಚಾರಭ್ರಷ್ಟನಾದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥಗಳನ್ನು ಹುಡುಕುತ್ತಾರೆ, ಮಾರುತಿಯನ್ನು ಬೇಡುತ್ತಾರೆ. ಎರಡು ಕಡೆಯೂ ಮೌನ. ಚಂದ್ರಿಯ ಸಂಗವಾದಮೇಲೆ ಅವರಿಗೆ ತಮ್ಮ ಹಳೆಯ ಹೆಸರೂ ಸಲ್ಲದಾಗುತ್ತದೆ. ಇತ್ತ ಚಂದ್ರಿಯಾದರೋ ಯಾರಿಗೂ ತಿಳಿಯದಂತೆ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ಶವವನ್ನು ದಹಿಸಿಬಿಡುತ್ತಾಳೆ. ಶಾಸ್ತ್ರವು ಬಿಡಿಸಲಾರದ ಗಂಟನ್ನು ಒಬ್ಬ ಹೆಂಗಸಿನ ನಿರ್ಧಾರವು ಬಿಡಿಸಿತು.

ಹೆಂಡತಿಯನ್ನೂ ಕಳೆದುಕೊಂಡು ಆಚಾರ್ಯರು ಒಬ್ಬರೇ ನಡೆದು ಹೊರಡುತ್ತಾರೆ. ಆದರೆ ದಾರಿಯಲ್ಲಿ ಜೊತೆಯಾದ ಮಾತುಗಾರ ಪುಟ್ಟನು ಅವರನ್ನು ಬಿಡುವುದಿಲ್ಲ. ಒಗಟು ಹೇಳುತ್ತಾನೆ, ಮೇಳಿಗೆಯ ಜಾತ್ರೆಗೆ ಕರೆದೊಯ್ಯುತ್ತಾನೆ. ಏಕಾಂತವನ್ನು ಬಯಸಿದವರಿಗೆ ಸಂತೆಯೇ ಎದುರಾಗುತ್ತದೆ. ಕಡೆಗೆ ಅವರು ದೂರ್ವಾಸಪುರಕ್ಕೆ ಮರಳಲು ಗಾಡಿಯನ್ನೇರುತ್ತಾರೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಇದು ಅಪೂರ್ಣವೆಂದು ಹಲವರು ಬೇಸರಪಡುವುದುಂಟು. ನನಗೆ ಹಾಗೆ ತೋರದು. ಇನ್ನು ತನ್ನ ಮಾತಿಗೆ ತಾನೇ ಹೊಣೆ ಎಂದು ಅರಿತವನಿಗೆ ಮುಂದಿನ ಉತ್ತರವನ್ನು ಕಾದಂಬರಿಕಾರನು ಕೊಟ್ಟರೆ ಆ ಹೊಣೆಯೇ ಸುಳ್ಳಾಗುತ್ತದೆ.

ಆದುದರಿಂದ, ಪ್ರಶ್ನೆಯು ಪರದೇಶದ್ದೆಂಬ ಮಾತು ನಿಲ್ಲುವಂತಿಲ್ಲ. ಪ್ರಶ್ನೆ ಹಳೆಯದು, ಸಿದ್ಧವಾದ ಉತ್ತರವಿಲ್ಲದಿರುವುದು ಮಾತ್ರ ಹೊಸದು. ಏಕಾಂತವು ಅರ್ಥವನ್ನು ಕೊಡುವುದಿಲ್ಲ, ಆಯ್ಕೆಯನ್ನು ತಪ್ಪಿಸಿಕೊಳ್ಳಲಾಗದೆಂಬ ಅರಿವನ್ನು ಕೊಡುತ್ತದೆ. ಆ ಆಯ್ಕೆಯು ನಿಜವೋ ಹುಸಿಯೋ ಎಂಬ ಪರೀಕ್ಷೆಯು ಜನರ ನಡುವೆಯೇ ನಡೆಯಬೇಕು. ಅರಸನು ತನ್ನ ಅಂತರಂಗವನ್ನು ಎಲ್ಲರೂ ಕಾಣುವ ಬಂಡೆಗೆ ಒಪ್ಪಿಸಿದನು. ತಪಸ್ಸಿಗೆಂದು ಆರಿಸಿದ ಗವಿಯ ಮುಂದೆಯೇ ಇಂದು ವರ್ಷಕ್ಕೊಮ್ಮೆ ಲಕ್ಷಾಂತರ ಜನರ ಜಾತ್ರೆ ಸೇರುತ್ತದೆ.